ಎಂಟು ಕೋರ್‌ಗೆ ಒಂದೇ ಉತ್ತರ

2016ರಲ್ಲಿ ಮೋನೊ ಎಂಬ ತಂತ್ರಾಂಶ ಕಟ್ಟುತ್ತಿದ್ದವರಿಗೆ ಒಂದು ವಿಚಿತ್ರ ಕಾಟ ಶುರುವಾಯಿತು. ಸಿ ಶಾರ್ಪ್ ಭಾಷೆಯಲ್ಲಿ ಬರೆದ ಆಪ್‌ಗಳನ್ನು ಆಂಡ್ರಾಯ್ಡ್ ಫೋನ್‌ಗಳಲ್ಲಿ ಓಡಿಸುವ ತಂತ್ರಾಂಶ ಅದು. ಆಪ್ ಓಡುತ್ತಿರುವಾಗಲೇ ಯಂತ್ರಭಾಷೆಯ ಆದೇಶಗಳನ್ನು ಮೆಮೊರಿಯಲ್ಲಿ ಬರೆದು ಕೂಡಲೇ ಅವನ್ನು ಓಡಿಸುವುದು ಅದರ ಕಸುಬು. ಕೆಲವೇ ಫೋನ್‌ಗಳಲ್ಲಿ, ಅದೂ ಯಾವಾಗಲೋ ಒಮ್ಮೆ, 'ಇಂಥ ಆದೇಶವೇ ಇಲ್ಲ' ಎಂಬ ದೂರು ಕೊಟ್ಟು ಆಪ್ ಸಾಯುತ್ತಿತ್ತು. ಸತ್ತ ಜಾಗದ ಮೆಮೊರಿ ತೆಗೆದು ನೋಡಿದರೆ ಅಲ್ಲಿ ಒಳ್ಳೆಯ ಆದೇಶವೇ ಕುಳಿತಿದೆ!

ಸತ್ತ ವಿಳಾಸಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದಾಗ ಸುಳಿವು ಸಿಕ್ಕಿತು. ಹದಿನಾರರ ಎಣಿಕೆಯಲ್ಲಿ ಬರೆದರೆ ಅವುಗಳ ಕೊನೆಯ ಎರಡು ಅಂಕಿ ಯಾವಾಗಲೂ 40ರಿಂದ 7ಎಫ್ ಒಳಗೆ, ಇಲ್ಲವೇ ಸಿ0ಯಿಂದ ಎಫ್‌ಎಫ್ ಒಳಗೆ. ಅಂದರೆ 64 ಬೈಟ್‌ನ ಒಂದು ಪಟ್ಟಿ ಕ್ಷೇಮ, ಅದರ ಪಕ್ಕದ 64 ಬೈಟ್ ಅಪಾಯ, ಮತ್ತೆ ಕ್ಷೇಮ, ಮತ್ತೆ ಅಪಾಯ. ಚಾಪೆಯ ಪಟ್ಟೆಗಳಂತೆ.

ಆ ಫೋನ್‌ಗಳ ಒಳಗಿದ್ದದ್ದು ಸ್ಯಾಮ್‌ಸಂಗ್‌ನ ಎಕ್ಸಿನೋಸ್ 8890 ಚಿಪ್. ಭಾರತದಲ್ಲಿ ಮಾರಾಟವಾದ ಗ್ಯಾಲಕ್ಸಿ ಎಸ್7 ಒಳಗಿದ್ದದ್ದೂ ಅದೇ. ಅದರಲ್ಲಿ ಎಂಟು ಕೋರ್: ನಾಲ್ಕು ಸ್ಯಾಮ್‌ಸಂಗ್ ತಾನೇ ರೂಪಿಸಿದ ಮಾಂಗೂಸ್ ಎಂಬ ದೊಡ್ಡವು, ನಾಲ್ಕು ಆರ್ಮ್ ಕಂಪನಿಯ ಕಾರ್ಟೆಕ್ಸ್ ಎ53 ಎಂಬ ಚಿಕ್ಕವು. ಮೆಮೊರಿಯ ನಕಲನ್ನು ಹತ್ತಿರ ಇಟ್ಟುಕೊಳ್ಳುವ ಕ್ಯಾಶ್‌ನಲ್ಲಿ ದೊಡ್ಡದರ ಸಾಲಿನ ಅಳತೆ 128 ಬೈಟ್, ಚಿಕ್ಕದರದು 64. ಹೊಸ ಆದೇಶ ಬರೆದ ಮೇಲೆ ಕ್ಯಾಶ್‌ನಲ್ಲಿ ಉಳಿದ ಹಳೆಯದನ್ನು ಸಾಲುಸಾಲಾಗಿ ಒರೆಸಬೇಕು. ಒರೆಸುವ ಕೋಡ್ ಮೊದಲ ಸಲ ಓಡಿದಾಗ ಸಾಲಿನ ಅಳತೆ ಎಷ್ಟೆಂದು ಪ್ರೊಸೆಸರನ್ನು ಕೇಳಿ ಉತ್ತರವನ್ನು ಬರೆದಿಟ್ಟುಕೊಳ್ಳುತ್ತಿತ್ತು. ಆ ಗಳಿಗೆಯಲ್ಲಿ ಅದು ದೊಡ್ಡ ಕೋರ್ ಮೇಲಿದ್ದರೆ ಉತ್ತರ 128. ಆಮೇಲೆ, ಯಾವ ಆಪ್ ಯಾವ ಕೋರ್ ಮೇಲೆ ಓಡಬೇಕೆಂದು ನಿರ್ಧರಿಸುವ ಕರ್ನಲ್ ಅದನ್ನು ಚಿಕ್ಕ ಕೋರ್‌ಗೆ ದಾಟಿಸಿತೆನ್ನಿ. ಅಲ್ಲಿಯೂ 128ರ ಹೆಜ್ಜೆಯನ್ನೇ ಹಾಕುತ್ತಾ ಹೋಗಿ ಒಂದು ಬಿಟ್ಟು ಒಂದು ಸಾಲನ್ನು ಒರೆಸುತ್ತಿತ್ತು. ಒರೆಸದ ಸಾಲಿನಲ್ಲಿ ಹಳೆಯ ಕಸ, ಅದನ್ನು ಓಡಿಸಹೋಗಿ ಸಾವು.

ಪ್ರತಿ ಸಲವೂ ಹೊಸದಾಗಿ ಕೇಳಿದರೆ ಆಯಿತಲ್ಲ ಎಂದು ಮೊದಲು ಎಲ್ಲರಿಗೂ ತೋಚುತ್ತದೆ. ಆಗುವುದಿಲ್ಲ. ಕೇಳಿದ್ದು ದೊಡ್ಡ ಕೋರನ್ನು, ಒರೆಸುವ ಕೆಲಸ ಅರ್ಧಕ್ಕೆ ಬರುವಷ್ಟರಲ್ಲಿ ಕರ್ನಲ್ ಚಿಕ್ಕದಕ್ಕೆ ಎತ್ತಿ ಹಾಕಿರಬಹುದು. ಕೊನೆಗೆ ಲಿನಕ್ಸ್ ಕರ್ನಲ್ಲೇ ನಡುವೆ ಬಂತು. 2016ರ ಕೊನೆಯಲ್ಲಿ ಬಂದ 4.9ನೇ ಆವೃತ್ತಿಯಿಂದ, ಇಂಥ ಹೊಂದಿಕೆಯಿಲ್ಲದ ಚಿಪ್ ಕಂಡರೆ ಆಪ್ ಕೇಳುವ ಪ್ರಶ್ನೆ ನೇರ ಪ್ರೊಸೆಸರ್‌ಗೆ ಮುಟ್ಟದಂತೆ ಕರ್ನಲ್ ತಡೆದು ತಾನೇ ಉತ್ತರ ಕೊಡುತ್ತದೆ. ಯಾವ ಕೋರ್ ಮೇಲೆ ನಿಂತು ಕೇಳಿದರೂ ಉತ್ತರ 64. ದೊಡ್ಡ ಕೋರ್ ಮಟ್ಟಿಗೆ ಅದು ಅಪ್ಪಟ ಸುಳ್ಳು, ಆದರೆ ಯಾರೂ ಸಾಯುವುದಿಲ್ಲ.

ಈ ಲೇಖನದ ಪ್ರಶ್ನೆ ಅಷ್ಟೂ ಆ ಸುಳ್ಳಿನಲ್ಲಿದೆ. ಒಂದೇ ಚಿಪ್‌ನ ಕೋರ್‌ಗಳು ಒಂದಕ್ಕೊಂದು ಸಮನಲ್ಲದಾಗ ಕರ್ನಲ್ ಅದನ್ನು ಆಪ್‌ಗೆ ಹೇಳಬೇಕೆ, ಮುಚ್ಚಿಡಬೇಕೆ, ಹೇಳಿದರೆ ಹೇಗೆ ಹೇಳಬೇಕು?

ಹಳೆಯ ಒಪ್ಪಂದ ಸರಳವಾಗಿತ್ತು. ಆಪ್ ಹುಟ್ಟುವಾಗ ಒಮ್ಮೆ ಕೇಳುತ್ತದೆ, ಸಾಯುವವರೆಗೂ ಆ ಉತ್ತರವನ್ನು ನಂಬುತ್ತದೆ. ಲಿನಕ್ಸ್‌ನಲ್ಲಿ ಪ್ರತಿ ಆಪ್ ಶುರುವಾಗುವಾಗ ಕರ್ನಲ್ ಅದರ ಕೈಗೆ ಒಂದು ಚೀಟಿ ಕೊಡುತ್ತದೆ. ಚೀಟಿಯಲ್ಲಿ ಹೆಚ್‌ಡಬ್ಲ್ಯುಕ್ಯಾಪ್ ಎಂಬ ಒಂದು ಸಂಖ್ಯೆ, ಅದರ ಒಂದೊಂದು ಬಿಟ್ ಒಂದೊಂದು ವಿದ್ಯೆಗೆ: ಇದು ಬರುತ್ತದೆ, ಅದು ಬರುವುದಿಲ್ಲ. ಸಿ ಭಾಷೆಯ ಗ್ರಂಥಾಲಯ ಈ ಚೀಟಿ ನೋಡಿ, ಮೆಮೊರಿಯ ಒಂದು ತುಂಡನ್ನು ಇನ್ನೊಂದೆಡೆ ನಕಲು ಮಾಡುವ ಮೆಮ್‌ಕಾಪಿಯಂಥ ಸಣ್ಣ ಕೆಲಸಕ್ಕೂ ಇರುವ ನಾಲ್ಕೈದು ಬಗೆಯಲ್ಲಿ ಒಂದನ್ನು ಆರಿಸಿ ಗಂಟು ಹಾಕಿಬಿಡುತ್ತದೆ. ಮತ್ತೆ ಆ ಗಂಟು ಬಿಚ್ಚುವ ಮಾತಿಲ್ಲ. ಪಿಸಿಗಳಲ್ಲಿ ಎರಡು ಬೇರೆ ಬೇರೆ ತಳಿಯ ಪ್ರೊಸೆಸರ್ ಒಂದೇ ಬೋರ್ಡ್ ಮೇಲೆ ಬಂದರೆ ಎಂಬ ಶಂಕೆಗೆ ಲಿನಕ್ಸ್ ಬಹಳ ಹಿಂದೆಯೇ ಉಪಾಯ ಮಾಡಿಕೊಂಡಿತ್ತು: ಎಲ್ಲದರಲ್ಲೂ ಇರುವ ವಿದ್ಯೆಯನ್ನಷ್ಟೇ ಉಳಿಸಿಕೊಂಡು ಮಿಕ್ಕದ್ದನ್ನು ಪಟ್ಟಿಯಿಂದ ಹೊಡೆದುಹಾಕುವುದು.

ಸಮನಲ್ಲದ ಕೋರ್‌ಗಳನ್ನು ಯಾರಾದರೂ ಯಾಕೆ ಮಾಡುತ್ತಾರೆ? ಕರೆಂಟಿಗಾಗಿ. ರಾಕೇಶ್ ಕುಮಾರ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಸಂಶೋಧನಾ ಪ್ರಬಂಧ, ಆಲ್ಫಾ ಪ್ರೊಸೆಸರ್‌ನ ಹಳೆಯ ಹೊಸ ತಲೆಮಾರುಗಳನ್ನು ಒಂದೇ ಚಿಪ್ ಮೇಲೆ ಕೂರಿಸಿದರೆ ವಿದ್ಯುತ್ ಎಷ್ಟು ಉಳಿಯುತ್ತದೆಂದು ಲೆಕ್ಕ ಹಾಕಿತು. ಎಲ್ಲ ಕೋರ್‌ಗೂ ಒಂದೇ ಭಾಷೆ ಎಂಬುದು ಅದರ ಮೊದಲ ಷರತ್ತು. 2011ರ ಅಕ್ಟೋಬರ್‌ನಲ್ಲಿ ಆರ್ಮ್ ತನ್ನ 'ಬಿಗ್ ಲಿಟಲ್' ಏರ್ಪಾಟನ್ನು ಸಾರಿದಾಗಲೂ ಅದೇ ಷರತ್ತು: ದೊಡ್ಡ ಎ15ಗೆ ಬರುವ ಪ್ರತಿಯೊಂದು ಆದೇಶವೂ ಚಿಕ್ಕ ಎ7ಗೆ ಬರುತ್ತದೆ, ನಿಧಾನವಾಗಿ ಅಷ್ಟೇ.

ಇಲ್ಲಿ ಎರಡು ಸಂಗತಿಗಳನ್ನು ಬೇರ್ಪಡಿಸಿಕೊಳ್ಳದೆ ಮುಂದೆ ಹೋದರೆ ತಲೆ ಗೊಜ್ಜಾಗುತ್ತದೆ. ಈಜು ಬರುತ್ತದೆಯೇ ಎಂಬುದು ಒಂದು ಪ್ರಶ್ನೆ, ಎಷ್ಟು ಬೇಗ ಈಜುತ್ತೀ ಎಂಬುದು ಇನ್ನೊಂದು. ನಿಧಾನವಾಗಿ ಈಜುವವನನ್ನು ಹೊಳೆಗಿಳಿಸಿದರೆ ತಡವಾಗಿ ದಡ ಸೇರುತ್ತಾನೆ. ಈಜು ಬಾರದವನ ಕತೆಯೇ ಬೇರೆ. ಕರ್ನಲ್ ಬರೆಯುವವರು ಇವೆರಡನ್ನೂ 'ಸಾಮರ್ಥ್ಯ' ಎಂಬ ಒಂದೇ ಚೀಲಕ್ಕೆ ತುಂಬಿದಾಗಲೆಲ್ಲ ಜಗಳ ಹುಟ್ಟಿದೆ ಎಂಬುದು ನನ್ನ ಅನಿಸಿಕೆ.

ಮೊದಲನೆಯ ಪ್ರಶ್ನೆಗೆ ಆರ್ಮ್ 64-ಬಿಟ್ ಲಿನಕ್ಸ್‌ನ ಉತ್ತರ ಕಟ್ಟುನಿಟ್ಟಿನದು. ಪ್ರತಿ ಕೋರ್ ಎದ್ದಾಗ ಅದರ ಗುರುತಿನ ರಿಜಿಸ್ಟರ್‌ಗಳನ್ನು ಓದಿ, ಎಲ್ಲಕ್ಕೂ ಹೊಂದುವ 'ಶುದ್ಧೀಕರಿಸಿದ' ಒಂದು ಪ್ರತಿ ಮಾಡಿಕೊಳ್ಳುತ್ತದೆ. ಆಪ್‌ಗೆ ತೋರಿಸುವುದು ಆ ಪ್ರತಿಯನ್ನೇ. ಆಪ್ ನೇರವಾಗಿ ರಿಜಿಸ್ಟರ್ ಓದಲು ಹೋದರೂ 2017ರಿಂದೀಚೆಗೆ ಕರ್ನಲ್ ಹಿಡಿದು ಆ ಪ್ರತಿಯನ್ನೇ ಓದಿಸುತ್ತದೆ. ವ್ಯವಸ್ಥೆಯೆಲ್ಲ ಎದ್ದು ನಿಂತು ಪಟ್ಟಿ ಗಟ್ಟಿಯಾದ ಮೇಲೆ, ಪಟ್ಟಿಯಲ್ಲಿರುವ ವಿದ್ಯೆ ಬಾರದ ಕೋರ್ ಒಂದು ತಡವಾಗಿ ಬಂದರೆ ಅದನ್ನು ಒಳಗೇ ಬಿಡುವುದಿಲ್ಲ. ಎಸ್‌ವಿಇ ಎಂಬ ಹಲವು ಸಂಖ್ಯೆಗಳನ್ನು ಒಟ್ಟಿಗೆ ಲೆಕ್ಕ ಹಾಕುವ ವೆಕ್ಟರ್ ಆದೇಶಗಳಲ್ಲಿ ರಿಜಿಸ್ಟರ್‌ನ ಅಗಲ 128 ಬಿಟ್‌ನಿಂದ 2048 ಬಿಟ್‌ವರೆಗೆ ಬೇರೆ ಬೇರೆ ಇರಬಹುದು. ಅಲ್ಲಿಯೂ ಎಲ್ಲ ಕೋರ್‌ಗೂ ಸಾಧ್ಯವಿರುವ ಅಗಲಗಳನ್ನಷ್ಟೇ ಆಪ್‌ಗೆ ಕೊಡುತ್ತಾರೆ.

ಈ ಶಿಸ್ತು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿ 2018ರ ಎಕ್ಸಿನೋಸ್ 9810, ಗ್ಯಾಲಕ್ಸಿ ಎಸ್9ರ ಚಿಪ್. ಈ ಸಲ ತಮಾಷೆ ಎಂದರೆ ಚಿಕ್ಕ ಕೋರ್ ಹೆಚ್ಚು ಓದಿಕೊಂಡಿತ್ತು. ಚಿಕ್ಕ ಎ55ಗೆ ಆರ್ಮ್‌ನ 8.2ನೇ ಪಾಠದವರೆಗೂ ಬರುತ್ತಿತ್ತು, ಸ್ಯಾಮ್‌ಸಂಗ್‌ನ ದೊಡ್ಡ ಎಂ3ಗೆ 8.0 ಮಾತ್ರ. ನಡುವೆ ಸೇರಿಕೊಂಡ ಹೊಸ ಅಟಾಮಿಕ್ ಆದೇಶಗಳು, ಅಂದರೆ ಆಪ್‌ನೊಳಗೆ ಏಕಕಾಲಕ್ಕೆ ಓಡುವ ಹಲವು ಥ್ರೆಡ್‌ಗಳು ಒಂದೇ ಎಣಿಕೆಯನ್ನು ಎಡವಟ್ಟಿಲ್ಲದೆ ಹೆಚ್ಚಿಸಲು ಬಳಸುವಂಥವು, ದೊಡ್ಡದಕ್ಕೆ ಗೊತ್ತೇ ಇಲ್ಲ. ಫೋನ್‌ನ ಕರ್ನಲ್ ಮಾತ್ರ ಚೀಟಿಯಲ್ಲಿ 'ಬರುತ್ತದೆ' ಎಂದು ಬರೆದುಕೊಟ್ಟಿತು. ಗೋ ಭಾಷೆಯ ಆಪ್‌ಗಳು ಅದನ್ನು ನಂಬಿ ಸತ್ತವು. ಗೋ ಕಟ್ಟುವವರು ಮಾಡಿದ ಪರಿಹಾರ ನೋಡಿ: ಆಂಡ್ರಾಯ್ಡ್ ಎಂದು ಕಂಡರೆ ಸಾಕು, ಚೀಟಿಯಲ್ಲಿ ಏನೇ ಇರಲಿ, ಆ ಆದೇಶಗಳನ್ನು ಬಳಸಬೇಡ. ಒಂದು ಫೋನ್‌ನ ಕರ್ನಲ್ ಹೇಳಿದ ಸುಳ್ಳಿಗೆ ಲೋಕದ ಆಂಡ್ರಾಯ್ಡ್ ಫೋನ್‌ಗಳಿಗೆಲ್ಲ ದಂಡ. ಎಲ್‌ಎಲ್‌ವಿಎಂ ಕಂಪೈಲರ್‌ನವರು ಸ್ವಲ್ಪ ದಯೆ ತೋರಿಸಿದರು. ಅವರ ಸಹಾಯಕ ಕೋಡ್ ಫೋನ್‌ನ ಚಿಪ್ ಹೆಸರನ್ನು ಕೇಳಿ, ಅದು ಎಕ್ಸಿನೋಸ್ 9810 ಆಗಿದ್ದರಷ್ಟೇ ಹಿಂಜರಿಯುತ್ತದೆ.

ಕರ್ನಲ್ ಹೇಳುವ ಸುಳ್ಳು ಎರಡು ಬಗೆ ಎಂದಾಯಿತು. ಇರುವುದನ್ನು ಇಲ್ಲ ಎನ್ನುವುದು ಜಿಪುಣನ ಸುಳ್ಳು, ನಷ್ಟವಾಗುವುದು ವೇಗ. ಇಲ್ಲದ್ದನ್ನು ಇದೆ ಎನ್ನುವುದು ಬಡಾಯಿಯ ಸುಳ್ಳು, ಅದಕ್ಕೆ ತೆರುವುದು ಪ್ರಾಣ. ಜಿಪುಣತನವನ್ನೇ ಲಿನಕ್ಸ್ ಆರಿಸಿಕೊಂಡಿದ್ದು ತಪ್ಪಲ್ಲ.

ಆ ಜಿಪುಣತನದ ಬೆಲೆ ಎಷ್ಟಾಗಬಹುದು ಎಂದು ತೋರಿಸಿದ್ದು ಇಂಟೆಲ್. 2020ರ ಲೇಕ್‌ಫೀಲ್ಡ್ ಚಿಪ್‌ನಲ್ಲಿ ಒಂದು ದೊಡ್ಡ ಕೋರ್, ನಾಲ್ಕು ಚಿಕ್ಕವು. ಚಿಕ್ಕವಕ್ಕೆ ಎವಿಎಕ್ಸ್ ಎಂಬ ಅಗಲ ಲೆಕ್ಕದ ಆದೇಶಗಳು ಬರುವುದಿಲ್ಲವೆಂದು ದೊಡ್ಡದರಲ್ಲೂ ಅದನ್ನು ನಿಲ್ಲಿಸಿಟ್ಟರು. 2021ರ ನವೆಂಬರ್‌ನಲ್ಲಿ ಬಂದ ಆಲ್ಡರ್ ಲೇಕ್‌ನಲ್ಲಿ ಇದು ಇನ್ನೂ ಕಣ್ಣಿಗೆ ಹೊಡೆಯಿತು. ಅದರ ಐ9-12900ಕೆ ಮಾದರಿಯಲ್ಲಿ ಎಂಟು ದೊಡ್ಡ, ಎಂಟು ಚಿಕ್ಕ ಕೋರ್. ದೊಡ್ಡದರ ಸಿಲಿಕಾನ್‌ನಲ್ಲಿ 512 ಬಿಟ್ ಅಗಲದ ಎವಿಎಕ್ಸ್-512 ಯಂತ್ರಗಳು ಜಾಗ ಹಿಡಿದು ಕುಳಿತಿವೆ, ಚಿಕ್ಕವಕ್ಕೆ ಬರುವುದಿಲ್ಲ, ಆದ್ದರಿಂದ ಯಾರಿಗೂ ಇಲ್ಲ. ಚಿಕ್ಕ ಕೋರ್‌ಗಳನ್ನೆಲ್ಲ ಬಯಾಸ್‌ನಲ್ಲಿ ನಿಲ್ಲಿಸಿದರೆ ಕೆಲವು ಮದರ್‌ಬೋರ್ಡ್‌ಗಳಲ್ಲಿ ಎವಿಎಕ್ಸ್-512 ಎದ್ದು ಬರುತ್ತದೆಂದು ಹವ್ಯಾಸಿಗಳು ಕಂಡುಹಿಡಿದರು. 2022ರ ಆರಂಭದಲ್ಲಿ ಮೈಕ್ರೋಕೋಡ್ ಬದಲಿಸಿ ಆ ಬಾಗಿಲನ್ನೂ ಇಂಟೆಲ್ ಮುಚ್ಚಿತು. ಆಮೇಲೆ ಬಂದ ಚಿಪ್‌ಗಳಲ್ಲಿ ಕಾರ್ಖಾನೆಯಲ್ಲೇ ಕಡಿದುಬಿಟ್ಟರು. ದುಡ್ಡು ಕೊಟ್ಟು ಕೊಂಡ ಮನೆಯ ಒಂದು ಕೋಣೆಗೆ ಮಾರಿದವನೇ ಬೀಗ ಹಾಕಿ ಹೋದಂತೆ ಎಂದು ಕೊಂಡವರು ಗೊಣಗಿದರೆ ತಪ್ಪೆನ್ನಲಾಗದು.

ಇಂಟೆಲ್ ಯಾಕೆ ಹಾಗೆ ಹೆದರಿತು ಎಂಬುದಕ್ಕೆ ಒಂದು ತಾಂತ್ರಿಕ ಕಾರಣವುಂಟು. ಪಿಸಿ ಪ್ರೊಸೆಸರ್‌ಗಳಲ್ಲಿ ಸಿಪಿಯುಐಡಿ ಎಂಬ ಆದೇಶದಿಂದ ಯಾವ ಆಪ್ ಬೇಕಾದರೂ ಪ್ರೊಸೆಸರನ್ನೇ ಕೇಳಬಹುದು, ಸಾಮಾನ್ಯವಾಗಿ ಕರ್ನಲ್ ಆ ಸಂಭಾಷಣೆಯಲ್ಲಿ ಇರುವುದೇ ಇಲ್ಲ. ಚೀಟಿ ತಿದ್ದುವ ದಾರಿ ಆರ್ಮ್‌ನಲ್ಲಿದ್ದಷ್ಟು ಸಲೀಸಾಗಿ ಇಲ್ಲಿಲ್ಲ. ದಶಕಗಳಿಂದ ಬರೆದಿಟ್ಟ ಆಪ್‌ಗಳೆಲ್ಲ ಯಾವುದೋ ಒಂದು ಕೋರ್ ಮೇಲೆ ಒಮ್ಮೆ ಕೇಳಿ ನಂಬುವಂಥವು. 2023ರ ಜುಲೈನಲ್ಲಿ ಇಂಟೆಲ್ ಎವಿಎಕ್ಸ್10 ಎಂಬ ಹೊಸ ಏರ್ಪಾಟು ಸಾರಿ, ಚಿಕ್ಕ ಕೋರ್‌ಗಳಿಗೆ 256 ಬಿಟ್ ಅಗಲ ಸಾಕು ಎಂದಿತು. 2025ರ ಮಾರ್ಚ್‌ನಲ್ಲಿ ಆ ರಿಯಾಯಿತಿಯನ್ನೇ ಕೈಬಿಟ್ಟಿತು, ಇನ್ನು ಎಲ್ಲರಿಗೂ 512. ಸುಲಭ ಮಾತಿನಲ್ಲಿ, ಯಂತ್ರ ಕಟ್ಟುವವರು ಹಳೆಯ ಆಪ್‌ಗಳ ಹಟಕ್ಕೆ ಸೋತು ಚಿಕ್ಕ ಕೋರ್‌ಗೂ ದೊಡ್ಡ ವಿದ್ಯೆ ಕಲಿಸಲು ಒಪ್ಪಿದರು. ಎಎಂಡಿ ಮೊದಲೇ ಈ ತಂಟೆಗೆ ಹೋಗಲಿಲ್ಲ. ಅದರ ಜೆನ್ 4ಸಿ ಎಂಬ ಚಿಕ್ಕ ಕೋರ್‌ಗೆ ಜೆನ್ 4ಗೆ ಬರುವುದೆಲ್ಲ ಬರುತ್ತದೆ.

ಬೀಗ ಹಾಕುವ ಬದಲು, ಆದೇಶ ಬಾರದ ಕೋರ್ ಮೇಲೆ ಆಪ್ ಎಡವಿದ ಕ್ಷಣದಲ್ಲಿ ಕರ್ನಲ್ ಅದನ್ನು ಎತ್ತಿ ಬಲ್ಲ ಕೋರ್ ಮೇಲೆ ಇಟ್ಟರಾಗದೆ? ಇಂಟೆಲ್‌ನ ಸಂಶೋಧಕರೇ 2010ರಲ್ಲಿ ಇದನ್ನು ಮಾಡಿ ತೋರಿಸಿ ಪ್ರಬಂಧ ಬರೆದಿದ್ದರು. 'ಎಡವಿದರೆ ಸಾಗಿಸು' ಎನ್ನಬಹುದಾದ ಈ ಉಪಾಯ ಕಾಗದದ ಮೇಲೆ ಬಲು ಚೆಂದ. ತೊಡಕಿರುವುದು ಆ ಹಾಳು ಮೆಮ್‌ಕಾಪಿಯಲ್ಲಿ. ಗ್ರಂಥಾಲಯವು ಅಗಲದ ಆದೇಶಗಳನ್ನು ಬಳಸುವ ಬಗೆಯನ್ನು ಆರಿಸಿಕೊಂಡಿತೆಂದರೆ, ಎರಡಕ್ಷರ ನಕಲಿಸುವ ಪ್ರತಿಯೊಂದು ಥ್ರೆಡ್ಡೂ ಚಿಕ್ಕ ಕೋರ್ ಮೇಲೆ ಎಡವಿ ದೊಡ್ಡದಕ್ಕೆ ಸಾಗುತ್ತದೆ. ನಕಲು ಮಾಡದ ಆಪ್ ಯಾವುದಿದೆ? ಸ್ವಲ್ಪ ಹೊತ್ತಿನಲ್ಲೇ ಎಲ್ಲರೂ ದೊಡ್ಡ ಕೋರ್ ಮುಂದೆ ಸಾಲು ನಿಂತು, ಚಿಕ್ಕವು ನೊಣ ಹೊಡೆಯುತ್ತಾ ಕೂರುತ್ತವೆ. ಆ ಥ್ರೆಡ್ಡನ್ನು ಮತ್ತೆ ಚಿಕ್ಕದಕ್ಕೆ ಯಾವಾಗ ಇಳಿಸಬೇಕು ಎಂಬುದಕ್ಕೆ ಸರಿಯುತ್ತರವಿಲ್ಲ. ಇಳಿಸಿದ ಮರುಕ್ಷಣವೇ ಮತ್ತೆ ಎಡವಬಹುದು.

ನಿಜಕ್ಕೂ ಸಮನಲ್ಲದ ಕೋರ್‌ಗಳನ್ನು ಮುಖ್ಯ ಲಿನಕ್ಸ್ ಕರ್ನಲ್ ಒಪ್ಪಿಕೊಂಡ ಒಂದು ಪ್ರಸಂಗವಿದೆ, ಅದನ್ನು ಹತ್ತಿರದಿಂದ ನೋಡುವುದು ಲಾಭ. 2021ರಲ್ಲಿ ಆರ್ಮ್ ಹಳೆಯ 32-ಬಿಟ್ ಆಪ್‌ಗಳನ್ನು ಕೈಬಿಡಲು ಹೊರಟಿತು. ಹೊಸ ಎಕ್ಸ್2 ಮತ್ತು ಎ510 ಕೋರ್‌ಗಳಿಗೆ 64-ಬಿಟ್ ಭಾಷೆ ಮಾತ್ರ ಬರುತ್ತಿತ್ತು, ನಡುಗಾತ್ರದ ಎ710ಗೆ ಎರಡೂ. ಸ್ನ್ಯಾಪ್‌ಡ್ರಾಗನ್ 8 ಜೆನ್ 1 ಚಿಪ್‌ನಲ್ಲಿ ಎಕ್ಸ್2 ಒಂದು, ಎ710 ಮೂರು, ಎ510 ನಾಲ್ಕು. ಎಂಟರಲ್ಲಿ ಮೂರೇ ಕೋರ್ ಹಳೆಯ ಆಪ್ ಓಡಿಸಬಲ್ಲವು. ಎಲ್ಲಕ್ಕೂ ಬರುವುದನ್ನಷ್ಟೇ ಕೊಡುವ ನಿಯಮದಂತೆ ನಡೆದರೆ 32-ಬಿಟ್ ಆಪ್ ಒಂದೂ ಏಳುವುದಿಲ್ಲ.

ವಿಲ್ ಡೀಕನ್ ಬರೆದು 5.15ನೇ ಆವೃತ್ತಿಗೆ ಸೇರಿದ ತಿದ್ದುಪಡಿ ಹೀಗಿದೆ. ಕರ್ನಲ್ ಎಬ್ಬಿಸುವಾಗ ಇಂಥ ಹೊಂದಿಕೆಯಿಲ್ಲದ ಕೋರ್‌ಗಳಿಗೆ ತನ್ನ ಒಪ್ಪಿಗೆ ಇದೆಯೆಂದು ಫೋನ್ ತಯಾರಕ ಬಾಯಿಬಿಟ್ಟು ಹೇಳಬೇಕು, ಹೇಳದಿದ್ದರೆ ಹಳೆಯ ಜಿಪುಣ ನಿಯಮವೇ. ಹೇಳಿದರೆ, ಯಾವ ಕೋರ್‌ಗಳಿಗೆ 32-ಬಿಟ್ ಬರುತ್ತದೆಂಬ ಪಟ್ಟಿ ಒಂದು ಕಡತದಲ್ಲಿ ಕಾಣುತ್ತದೆ. ಆಪ್ ಶುರುವಾಗುವಾಗ ಅದರ ಕಡತದ ತಲೆಬರಹ ನೋಡಿ, 32-ಬಿಟ್‌ನದಾದರೆ ಆ ಮೂರು ಕೋರ್ ಬಿಟ್ಟು ಆಚೆ ಹೋಗದಂತೆ ಕರ್ನಲ್ ಬೇಲಿ ಹಾಕುತ್ತದೆ. ನಿರ್ವಾಹಕ ಮೊದಲೇ ಆ ಆಪ್ ಇಂಥ ಕೋರ್‌ನಲ್ಲೇ ಓಡಲಿ ಎಂದು ಕಟ್ಟಿಹಾಕಿದ್ದು, ಆ ಕೋರ್‌ಗೆ 32-ಬಿಟ್ ಬಾರದಿದ್ದರೆ, ಕರ್ನಲ್ ಆ ಕಟ್ಟನ್ನೇ ಮೀರುತ್ತದೆ. ಗಡುವು ಕೊಟ್ಟು ಓಡಿಸುವ ಡೆಡ್‌ಲೈನ್ ಥ್ರೆಡ್‌ಗಳ ಜೊತೆ ಇದು ಹೊಂದುವುದಿಲ್ಲ. ಎಂಟು ಕೋರ್ ಇವೆಯೆಂದು ಲೆಕ್ಕ ಹಾಕಿ ಗಡುವಿಗೆ ಒಪ್ಪಿದ ಮೇಲೆ ಮೂರೇ ಎಂದರೆ ಹೇಗೆ? ಲಿನಕ್ಸ್‌ನಂಥ ಹಳೆಯ ಸಂಸಾರದಲ್ಲಿ ಇಷ್ಟು ಮಾಡಿಸಲು ಕೋರ್‌ಗಳಿಗೆ ಕೆಲಸ ಹಂಚುವ ಶೆಡ್ಯೂಲರ್ ಬಳಗದ ಜೊತೆ ಸಾಕಷ್ಟು ಚರ್ಚೆ ನಡೆಯಿತು.

ಎವಿಎಕ್ಸ್-512ಕ್ಕೆ ಆಗದ್ದು ಇಲ್ಲಿ ಯಾಕೆ ಆಯಿತು? ಆಪ್ 32-ಬಿಟ್‌ನದೋ ಅಲ್ಲವೋ ಎಂಬುದು ಅದು ಹುಟ್ಟುವ ಮೊದಲೇ ಕಡತದ ಹಣೆಯಲ್ಲಿ ಬರೆದಿರುತ್ತದೆ, ನಡುವೆ ಬದಲಾಗುವುದೂ ಇಲ್ಲ. ಆಪ್ ಏನನ್ನೂ ಕೇಳಬೇಕಿಲ್ಲ, ಕರ್ನಲ್‌ಗೆ ಮೊದಲೇ ತಿಳಿದಿದೆ. ಅಗಲ ಲೆಕ್ಕದ ಆದೇಶಗಳಾದರೋ ಆಪ್‌ನ ಹೊಟ್ಟೆಯಲ್ಲಿ ಎಲ್ಲೋ, ಮೂರನೆಯವರು ಬರೆದ ಗ್ರಂಥಾಲಯದ ಮೂಲೆಯಲ್ಲಿ ಅಡಗಿರುತ್ತವೆ.

ಈ ಎಲ್ಲ ಪಾಡು ನೋಡಿದ ಮೇಲೆ ಹೊಸಬರಾದ ರಿಸ್ಕ್-ಫೈವ್‌ನವರು ಬೇರೆ ದಾರಿ ಹಿಡಿದರು. ಅವರ ತೊಂದರೆ ಇನ್ನೂ ಹೆಚ್ಚು. ಆ ಭಾಷೆ ಬೇಕಾದಷ್ಟು ತುಣುಕುಗಳನ್ನು ಸೇರಿಸಿಕೊಳ್ಳಬಹುದಾದ ಬಿಡಿ ಸಾಮಾನಿನ ಡಬ್ಬ, ಚೀಟಿಯಲ್ಲಿ ಇಂಗ್ಲಿಷ್ ಅಕ್ಷರಕ್ಕೊಂದರಂತೆ 26 ಬಿಟ್ ಇಟ್ಟಿದ್ದರು, ಅದು ಎಲ್ಲಿಗೂ ಸಾಲಲಿಲ್ಲ. 2018ರಲ್ಲಿ ಬಂದ ಹೈಫೈವ್ ಅನ್‌ಲೀಶ್ಡ್ ಬೋರ್ಡ್‌ನಲ್ಲೇ ನಾಲ್ಕು ಪೂರ್ತಿ ಕೋರ್‌ಗಳ ಪಕ್ಕ ದಶಮಾಂಶ ಲೆಕ್ಕ ಬಾರದ ಐದನೆಯದೊಂದಿತ್ತು, ಲಿನಕ್ಸ್ ಅದನ್ನು ಬಳಸದೆ ಪಕ್ಕಕ್ಕಿಟ್ಟಿತು. 2023ರಲ್ಲಿ 6.4ನೇ ಲಿನಕ್ಸ್‌ಗೆ ಸೇರಿದ ಹೆಚ್‌ಡಬ್ಲ್ಯುಪ್ರೋಬ್ ಎಂಬ ಸಿಸ್ಟಂ ಕಾಲ್‌ನಲ್ಲಿ ಪ್ರಶ್ನೆ ಕೇಳುವ ರೀತಿಯೇ ಬದಲಾಯಿತು. ಆಪ್ ಬರಿದೇ 'ವೆಕ್ಟರ್ ಬರುತ್ತದೆಯೇ' ಎನ್ನುವುದಿಲ್ಲ. 'ಈ ಕೋರ್‌ಗಳ ಗುಂಪಿಗೆ ಏನೇನು ಬರುತ್ತದೆ' ಎನ್ನುತ್ತದೆ. ಕರ್ನಲ್ ಆ ಗುಂಪಿನ ಎಲ್ಲಕ್ಕೂ ಹೊಂದುವ ಉತ್ತರ ಕೊಡುತ್ತದೆ. ಗುಂಪು ಹೇಳದಿದ್ದರೆ ಎಲ್ಲ ಕೋರ್‌ಗಳದು. ಆಮೇಲೆ ಇದನ್ನು ತಿರುವಿ ಕೇಳುವ ಸೌಕರ್ಯವೂ ಬಂತು: 'ವೆಕ್ಟರ್ ಬರುವ ಕೋರ್‌ಗಳು ಯಾವುವು?'

ನನ್ನ ಮಟ್ಟಿಗೆ ಇದುವರೆಗಿನ ಉತ್ತರಗಳಲ್ಲಿ ಇದೇ ಪ್ರಾಮಾಣಿಕ. ಉತ್ತರದ ಜೊತೆಗೇ ಅದು ಯಾರ ಮಟ್ಟಿಗೆ ನಿಜ ಎಂಬುದೂ ಬರುತ್ತದೆ. ಆದರೆ ಉತ್ತರ ಯಾರನ್ನೂ ಕಟ್ಟಿಹಾಕುವುದಿಲ್ಲ. ಮೂರನೆಯ ಕೋರ್‌ಗೆ ವೆಕ್ಟರ್ ಬರುತ್ತದೆಂದು ತಿಳಿದ ಆಪ್ ಆ ಕೋರ್ ಮೇಲೆ ತನ್ನನ್ನು ತಾನೇ ಕಟ್ಟಿಕೊಳ್ಳಬೇಕು. ಆಪ್ ಬರೆಯುವವರಲ್ಲಿ ಎಷ್ಟು ಮಂದಿ ಆ ಶ್ರಮ ತೆಗೆದುಕೊಳ್ಳುತ್ತಾರೆ? ತೆಗೆದುಕೊಂಡರೂ, ಕಟ್ಟಿಕೊಂಡ ಥ್ರೆಡ್ಡನ್ನು ಕರ್ನಲ್ ಸರಿಯಾಗಿ ಹಂಚಲಾರದು.

ಎರಡನೆಯ ಪ್ರಶ್ನೆ, ವೇಗದ್ದು, ಇಷ್ಟು ಕಠಿಣವಲ್ಲ. ತಪ್ಪಿದರೆ ಯಾರೂ ಸಾಯುವುದಿಲ್ಲವಾದ್ದರಿಂದ ಇಲ್ಲಿ ಕರ್ನಲ್‌ಗಳು ಧಾರಾಳವಾಗಿ ಮಾತಾಡುತ್ತವೆ. ಆರ್ಮ್ ಫೋನ್‌ಗಳಲ್ಲಿ ಲಿನಕ್ಸ್ ಅತಿ ಬಲದ ಕೋರ್‌ಗೆ 1024 ಅಂಕ ಕೊಟ್ಟು ಮಿಕ್ಕವಕ್ಕೆ ಅದರ ಪಾಲಿನಂತೆ ಅಂಕ ಹಂಚಿ ಕಡತದಲ್ಲಿ ತೋರಿಸುತ್ತದೆ. ವಿಂಡೋಸ್ ಪ್ರತಿ ಕೋರ್‌ಗೂ ದಕ್ಷತೆಯ ದರ್ಜೆ ಹೇಳುತ್ತದೆ. ಆಪಲ್ ಮಾತ್ರ ತನ್ನ ಎಂ ಸರಣಿಯ ಮ್ಯಾಕ್‌ಗಳಲ್ಲಿ ಥ್ರೆಡ್ಡನ್ನು ಇಂಥ ಕೋರ್‌ಗೇ ಕಟ್ಟುವ ಅವಕಾಶ ಕೊಡುವುದಿಲ್ಲ. ಕೆಲಸ ತುರ್ತೋ, ಹಿನ್ನೆಲೆಯದೋ ಅಷ್ಟು ಹೇಳು, ಮಿಕ್ಕದ್ದು ನನಗೆ ಬಿಡು ಎನ್ನುತ್ತದೆ. ಮನೆಯ ಹಿರಿಯರ ಧೋರಣೆ, ನಿಜ. ಎಲ್ಲ ಕೋರ್‌ಗೂ ಒಂದೇ ಭಾಷೆ ಬರುವಲ್ಲಿ ಅದು ನಡೆಯುತ್ತದೆ.

ವೇಗದಲ್ಲೂ ಒಂದು ಮೂಲೆಯಲ್ಲಿ ಹಳೆಯ ಮಾಯೆ ಹರಿಯುತ್ತದೆ. ನನ್ನ ಲ್ಯಾಪ್‌ಟಾಪ್ ಇಂಟೆಲ್‌ನ ಹನ್ನೆರಡನೇ ತಲೆಮಾರಿನದು, ಅಂದರೆ ಆಲ್ಡರ್ ಲೇಕ್. ಒಂದು ಸಣ್ಣ ಪ್ರೋಗ್ರಾಂ ಎಷ್ಟು ಸೈಕಲ್ ತಿಂದಿತೆಂದು ತಿಳಿಯಲು ಪರ್ಫ್ ಎಂಬ ಉಪಕರಣ ಓಡಿಸಿದರೆ ಉತ್ತರ ಎರಡು ಸಾಲಿನಲ್ಲಿ ಬರುತ್ತದೆ: ದೊಡ್ಡ ಕೋರ್‌ನ ಲೆಕ್ಕ ಒಂದು, 'ಆಟಂ' ಎಂಬ ಚಿಕ್ಕದರದು ಇನ್ನೊಂದು. ಪ್ರೋಗ್ರಾಂ ಚಿಕ್ಕದರ ಮೇಲೆ ಕಾಲಿಡದಿದ್ದರೆ ಎರಡನೇ ಸಾಲಿನಲ್ಲಿ ಅಂಕಿಯ ಬದಲು 'ಲೆಕ್ಕವಾಗಿಲ್ಲ' ಎಂದಿರುತ್ತದೆ. ಎರಡೂ ಸಾಲಿನಲ್ಲಿ ಅಂಕಿ ಬಂದರೆ ಕೂಡಿಸುವಂತಿಲ್ಲ, ಒಂದರ ಸೈಕಲ್ ಇನ್ನೊಂದರದಕ್ಕೆ ಸಮವಲ್ಲ. ಒಂದೇ ಅಂಕಿ ಬರುತ್ತದೆಂದು ನಂಬಿ ನಾನು ಬರೆದಿಟ್ಟಿದ್ದ ಹಳೆಯ ಸ್ಕ್ರಿಪ್ಟ್ ಮೊದಲ ದಿನವೇ ಕೈಕೊಟ್ಟಿತು.

ಹಾಗಾದರೆ ಮುಂದೇನು? ನನಗೆ ಆಸೆ ಹುಟ್ಟಿಸಿದ್ದು ಇದೇ ಪ್ರಶ್ನೆಗೆಂದು ಹುಟ್ಟದ ಒಂದು ಏರ್ಪಾಟು. ಇಂಟೆಲ್‌ನ ಸರ್ವರ್ ಚಿಪ್‌ಗಳಿಗೆ ಎಎಂಎಕ್ಸ್ ಎಂಬ ಮ್ಯಾಟ್ರಿಕ್ಸ್ ಲೆಕ್ಕದ ಆದೇಶಗಳು ಸೇರಿದಾಗ, ಅವನ್ನು ಬಳಸುವ ಪ್ರತಿ ಥ್ರೆಡ್‌ಗೂ 8 ಕಿಲೋಬೈಟ್ ಹೆಚ್ಚಿನ ಜಾಗ ಕಾದಿಡಬೇಕಾಯಿತು. ಎಲ್ಲರಿಗೂ ಅಷ್ಟು ಕೊಡುವುದು ದಂಡ. ಅದಕ್ಕೆ 5.16ನೇ ಲಿನಕ್ಸ್ ಒಂದು ಕಟ್ಟಳೆ ಮಾಡಿತು. ಯಂತ್ರಕ್ಕೆ ವಿದ್ಯೆ ಬಂದರೆ ಸಾಲದು, ಆಪ್ ಮೊದಲು ಸಿಸ್ಟಂ ಕಾಲ್ ಮಾಡಿ ಅನುಮತಿ ಪಡೆಯಬೇಕು. ಪಡೆಯದೆ ಆ ಆದೇಶ ಮುಟ್ಟಿದರೆ ಕೊಲೆ.

ಇಲ್ಲಿ 'ಇದೆಯೇ' ಎಂಬ ಪ್ರಶ್ನೆ ಹೋಗಿ 'ನನಗೆ ಬೇಕು' ಎಂಬ ಅರ್ಜಿ ಬಂದಿದೆ. ಅರ್ಜಿ ಬಂದರೆ ಯಾರಿಗೆ ಏನು ಬೇಕೆಂದು ಕರ್ನಲ್‌ಗೆ ತಿಳಿಯುತ್ತದೆ. 32-ಬಿಟ್ ಆಪ್‌ನ ಹಣೆಬರಹ ಓದಿ ಹಾಕಿದ ಬೇಲಿಯನ್ನೇ ಅರ್ಜಿ ಹಾಕಿದ ಥ್ರೆಡ್‌ಗೂ ಹಾಕಬಹುದು, ಅರ್ಜಿ ಹಾಕದವರು ಎಂಟೂ ಕೋರ್ ಮೇಲೆ ಓಡಾಡಿಕೊಂಡಿರಲಿ. ಮೆಮ್‌ಕಾಪಿ ಅರ್ಜಿ ಹಾಕದೆ ಸಾಧಾರಣ ಬಗೆಯಲ್ಲೇ ತೃಪ್ತಿಪಟ್ಟುಕೊಳ್ಳಬೇಕು ಅಷ್ಟೇ. ಇದನ್ನು ಹೊಸ ಭಾಷೆಗಳಲ್ಲಿ, ಹೊಸ ಚಿಪ್‌ಗಳಲ್ಲಿ ಮೊದಲ ದಿನದಿಂದ ಮಾಡಿದರೆ ಆದೀತು. ಹಳೆಯ ಪಿಸಿ ಲೋಕದಲ್ಲಿ ಸಿಪಿಯುಐಡಿ ಕೇಳಿ ನಂಬಿ ಕುಳಿತ ಆಪ್‌ಗಳಿಗೆ ಅರ್ಜಿ ಬರೆಯಲು ಕಲಿಸುವವರು ಯಾರೂ ಇಲ್ಲ. ಗ್ಯಾಲಕ್ಸಿ ಎಸ್9 ಫೋನ್‌ಗಳು ಹಳತಾಗಿ ಡ್ರಾಯರ್ ಸೇರಿದ ಮೇಲೂ, ಹೊಸ ಫೋನ್‌ಗೆಂದು ಕಟ್ಟಿದ ಗೋ ಆಪ್ ಆಂಡ್ರಾಯ್ಡ್ ಎಂದು ಕಂಡೊಡನೆ ಅಟಾಮಿಕ್ ಆದೇಶಗಳನ್ನು ಪಕ್ಕಕ್ಕೆ ಸರಿಸಿ ಹಳೆಯ ದಾರಿಯಲ್ಲೇ ಎಣಿಸತೊಡಗುತ್ತಿತ್ತು.